ಅಪ್ಪಯ್ಯನ 41 ಕ್ಯಾಸೆಟ್: ತಾಳಮದ್ದಳೆಯನ್ನು ಕಂಪ್ಯೂಟರಿಗೆ ಇಳಿಸಿದ ದಿನಚರಿ

ಮೇ ತಿಂಗಳಲ್ಲಿ ಶುರು ಮಾಡಿದ ಕೆಲಸ. ಈಗ ಅಕ್ಟೋಬರ್. 41 ಕ್ಯಾಸೆಟ್‌ಗಳಲ್ಲಿ 38 ಮುಗಿದಿವೆ, ಮೂರು ಹಟ ಹಿಡಿದು ಕೂತಿವೆ. ಎರಡು ವಾರದಲ್ಲಿ ಮುಗಿಸುತ್ತೇನೆ ಅಂತ ಹೊರಟವನು ನಾನು. ಮನೆಯಲ್ಲಿ ಹಳೇ ಕ್ಯಾಸೆಟ್ ಇಟ್ಟುಕೊಂಡವರು ಇನ್ನೂ ತುಂಬಾ ಜನ ಇದ್ದಾರೆ ಅಲ್ವಾ. ನಾನು ಎಡವಿದ ಕಲ್ಲಿಗೇ ಅವರೂ ಎಡವುವುದು ಬೇಡ ಅಂತ ನೋಟ್‌ಬುಕ್‌ನಲ್ಲಿದ್ದದ್ದನ್ನು ತಾರೀಕಿನ ಸಮೇತ ಇಲ್ಲಿ ಇಳಿಸಿದ್ದೇನೆ.

ಮೇ 4. ಟ್ರಂಕು ಕೆಳಗಿಳಿಯಿತು

ಕುಂದಾಪುರದ ಹತ್ತಿರ ನಮ್ಮ ಮನೆ. ಅಟ್ಟದ ಮೇಲೆ ತಗಡಿನ ಟ್ರಂಕು, ಅದರೊಳಗೆ ಕ್ಯಾಸೆಟ್‌ಗಳು. ಅಪ್ಪಯ್ಯ ಕಲಾವಿದರಲ್ಲ, ಸೊಸೈಟಿಯಲ್ಲಿ ಗುಮಾಸ್ತರಾಗಿದ್ದರು. ಮಳೆಗಾಲದಲ್ಲಿ ಸುತ್ತಮುತ್ತ ಎಲ್ಲಿ ತಾಳಮದ್ದಳೆ ಇದ್ದರೂ ಟೇಪ್ ರೆಕಾರ್ಡರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಡುತ್ತಿದ್ದರು. 1984ರಿಂದ 1999ರವರೆಗಿನ ಕ್ಯಾಸೆಟ್‌ಗಳಿವೆ.

ಘಟ್ಟದ ಮೇಲಿನವರಿಗೆ ಒಂದು ಮಾತು. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕರ್ಣನೋ ಕೃಷ್ಣನೋ ಆಗಿ ಮಾತಾಡುತ್ತಾರೆ. ಪದ್ಯ ಪುಸ್ತಕದಲ್ಲಿ ಸಿಗುತ್ತದೆ. ಮಾತು ಸಿಗುವುದಿಲ್ಲ, ಅದು ಆ ರಾತ್ರಿ ಅಲ್ಲೇ ಹುಟ್ಟಿದ್ದು. ಯಾರೂ ರೆಕಾರ್ಡ್ ಮಾಡದಿದ್ದರೆ ಅಲ್ಲಿಗೇ ಮುಗಿಯಿತು. ಈ ಕಡೆ ಕ್ಯಾಸೆಟ್‌ಗೆ ಇದ್ದ ಬೆಲೆಯೇ ಬೇರೆ. ಭಾಗವತರಾಗಿದ್ದ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡಾಗ ನಾನು ಚಿಕ್ಕ ಹುಡುಗ. ಅವರ ಪದ್ಯ ನನ್ನ ಕಿವಿಗೆ ಬಿದ್ದದ್ದೆಲ್ಲ ಕ್ಯಾಸೆಟ್‌ನಿಂದಲೇ.

ಲೆಕ್ಕ ಹಾಕಿದೆ. ಸಿ-90 (ಅಂದರೆ ಎರಡೂ ಬದಿ ಸೇರಿ 90 ನಿಮಿಷದ) ಕ್ಯಾಸೆಟ್ 31, ಸಿ-60 ಎಂಟು, ಸಿ-120 ಎರಡು. ಒಟ್ಟು ಐವತ್ತೆಂಟೂವರೆ ಗಂಟೆ. ಇದನ್ನು ಓಡಿಸಿ ಬೇಗ ಮುಗಿಸುವ ಹಾಗಿಲ್ಲ. ಒಂದು ಗಂಟೆ ಮಾತು ಇಳಿಸಲು ಒಂದು ಗಂಟೆ ಬೇಕೇ ಬೇಕು.

ಮೊದಲ ದಿನ ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ಪ್ರತಿ ಕ್ಯಾಸೆಟ್‌ಗೂ ನಂಬರ್ ಚೀಟಿ ಅಂಟಿಸಿ, ಎರಡೂ ಬದಿಯ ಮತ್ತು ಒಳಗಿನ ಕಾಗದದ ಫೋಟೋ ತೆಗೆದದ್ದು. ಅಪ್ಪಯ್ಯನ ಅಕ್ಷರದ ಮೇಲೆ ಚೀಟಿ ಅಂಟಿಸಬಾರದು ಅಂತ ಹೊಳೆದದ್ದು ಆರನೇ ಕ್ಯಾಸೆಟ್‌ಗೆ ಬಂದಾಗ. ಆಮೇಲೆ ಪೆನ್ಸಿಲ್ಲಿನಲ್ಲೇ ಬರೆದೆ.

ಮೇ 6. ಬಿಸಿಲಿಗೆ ಹಾಕಿ ಕೆಟ್ಟೆ

ಹನ್ನೊಂದು ಕ್ಯಾಸೆಟ್‌ಗಳಲ್ಲಿ ಬೂಷ್ಟು. ಕಿಟಕಿಯಿಂದ ನೋಡಿದರೆ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ. ಕರಾವಳಿಯ ಗಾಳಿಗೆ ಇದು ಸಹಜ. ಅಂಗಳದಲ್ಲಿ ಅಮ್ಮ ಹಲಸಿನ ಹಪ್ಪಳ ಒಣಗಿಸಿದ್ದರು. ಅದರ ಪಕ್ಕದ ಚಾಪೆಯಲ್ಲಿ ಕ್ಯಾಸೆಟ್‌ಗಳನ್ನೂ ಹರಡಿದೆ. ಒಂದು ಗಂಟೆ ಅಷ್ಟೇ. ಎತ್ತಿಕೊಳ್ಳಲು ಹೋದರೆ ಎರಡರ ಚಿಪ್ಪು ಸೊಟ್ಟ ಆಗಿತ್ತು. ಹಪ್ಪಳ ಮಾತ್ರ ಚೆನ್ನಾಗಿ ಒಣಗಿತ್ತು.

ಸರಿಯಾದ ದಾರಿ ಇಷ್ಟು. ಸ್ಟೀಲ್ ಡಬ್ಬಿಯ ತಳಕ್ಕೆ ಸಿಲಿಕಾ ಜೆಲ್ ಹಾಕಿ, ಮೇಲೆ ಜಾಲರಿ ಇಟ್ಟು, ಕ್ಯಾಸೆಟ್ ಜೋಡಿಸಿ ಮುಚ್ಚಳ ಮುಚ್ಚಿ ಹತ್ತು ದಿನ ಬಿಡುವುದು. ಅಕ್ಕಿ ಡಬ್ಬಿಯಲ್ಲಿಡು ಅಂತ ಇಬ್ಬರು ಸಲಹೆ ಕೊಟ್ಟರು. ಅಕ್ಕಿಯ ಧೂಳು ಟೇಪಿಗೆ ಹೋಗುತ್ತದೆ, ಬೇಡ. ಒಣಗಿದ ಮೇಲೆ ಒಂದು ಗುಜರಿ ಪ್ಲೇಯರಿನ ಹೆಡ್ (ಟೇಪಿನಿಂದ ದನಿ ಓದುವ ಭಾಗ) ಕಳಚಿ, ಆ ಜಾಗದಲ್ಲಿ ಕನ್ನಡಕ ಒರೆಸುವ ಬಟ್ಟೆಯ ತುಂಡು ಸಿಕ್ಕಿಸಿ, ಟೇಪ್ ಅದಕ್ಕೆ ತಾಗಿಕೊಂಡು ಹೋಗುವ ಹಾಗೆ ಎರಡು ಸಲ ಪೂರ್ತಿ ಸುತ್ತಿಸಿದೆ. ಬಟ್ಟೆ ಪ್ರತಿ ಸಲ ಹೊಸದು. ಮಾಸ್ಕ್ ಹಾಕಿಕೊಂಡು ಹೊರಗೆ ಜಗಲಿಯಲ್ಲಿ ಮಾಡಬೇಕು. ಬೂಷ್ಟು ಹಿಡಿದ ಕ್ಯಾಸೆಟನ್ನು ಒಳ್ಳೇ ಡೆಕ್‌ಗೆ ಹಾಕಿದರೆ ಅದು ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ.

ಮೇ 11. ನೀರಿಗೆ ಹೋದ 1,200 ರೂಪಾಯಿ

ಆನ್‌ಲೈನ್‌ನಲ್ಲಿ ಯುಎಸ್‌ಬಿ ತಂತಿ ಇರುವ ಚಿಕ್ಕ ಕ್ಯಾಸೆಟ್ ಪ್ಲೇಯರ್ ತರಿಸಿದೆ. ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ಎಂಪಿ3 ರೆಡಿ ಅಂತ ಅದರ ಜಾಹೀರಾತು. ಭಾಗವತರು ಉದ್ದಕ್ಕೆ ಎಳೆದ ಸ್ವರ ಅದರಲ್ಲಿ ಉಯ್ಯಾಲೆ ಆಡುತ್ತಿತ್ತು. ಮೋಟಾರಿನ ಗುಂಯ್ ಬೇರೆ. ಅದರಲ್ಲೇ ನಾಲ್ಕು ಕ್ಯಾಸೆಟ್ ಮುಗಿಸಿ, ಐದನೆಯದು ಕೇಳುವಾಗ ತಡೆಯಲಾಗದೆ ಎಲ್ಲ ಅಳಿಸಿದೆ. ಈ ಆಟಿಕೆ ಯಾರೂ ಕೊಳ್ಳಬೇಡಿ.

ಮೇ 18ರಿಂದ 25. ಡೆಕ್ ರಿಪೇರಿ

ಬೆಂಗಳೂರಿಗೆ ಹೋದಾಗ ಎಸ್‌.ಪಿ. ರೋಡಿನ ಒಳಗಲ್ಲಿಯಲ್ಲಿ ಹಳೇ ಕ್ಯಾಸೆಟ್ ಡೆಕ್ ಸಿಕ್ಕಿತು. 3,200 ರೂಪಾಯಿ. ಅಂಗಡಿಯವರು ಓಡುತ್ತೆ ಅಂದರು. ದೀಪ ಉರಿಯುತ್ತಿತ್ತು, ಓಡುತ್ತಿರಲಿಲ್ಲ.

ಬಿಚ್ಚಿದರೆ ಒಳಗೆ ಬೆಲ್ಟ್ ಕರಗಿ ಡಾಂಬರಿನ ಹಾಗಾಗಿತ್ತು. ಮುಟ್ಟಿದ ಕೈ, ಕೈ ಮುಟ್ಟಿದ ಬನಿಯನ್ನು, ಎರಡೂ ಕಪ್ಪು. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಇಯರ್ ಬಡ್‌ನಿಂದ ಗಾಲಿಗಳ ತೋಡನ್ನು ಒರೆಸಲು ಎರಡು ಸಂಜೆ ಹೋಯಿತು. ಹೊಸ ಬೆಲ್ಟಿಗೆ ಅಳತೆ ಬೇಕು. ಹಳೇ ಬೆಲ್ಟೇ ಇಲ್ಲವಲ್ಲ. ಗಾಲಿಗಳ ಸುತ್ತ ದಾರ ಸುತ್ತಿ, ಆ ದಾರದ ಉದ್ದ ಅಳೆದು, ಅದಕ್ಕಿಂತ ಸುಮಾರು 5% ಕಡಿಮೆ ಸುತ್ತಳತೆಯ ಬೆಲ್ಟ್ ತರಿಸಿದೆ. ಮೊದಲ ಸಲ 10% ಕಡಿಮೆ ತಂದು ಮೋಟಾರ್ ನರಳಿತ್ತು.

ಹೆಡ್ಡನ್ನೂ ಟೇಪನ್ನು ಎಳೆಯುವ ಲೋಹದ ಕಡ್ಡಿ ಕ್ಯಾಪ್‌ಸ್ಟನ್ನನ್ನೂ ಆಲ್ಕೋಹಾಲ್‌ನಿಂದ ಒರೆಸಿದೆ. ಟೇಪನ್ನು ಆ ಕಡ್ಡಿಗೆ ಒತ್ತುವ ರಬ್ಬರಿನ ಪಿಂಚ್ ರೋಲರ್‌ಗೆ ಮಾತ್ರ ಸೋಪಿನ ನೀರು ಸಾಕು ಅಂದುಕೊಂಡೆ. ಅದು ಗಾಜಿನ ಹಾಗೆ ನುಣುಪಾಗಿತ್ತು, ಬದಲಿಸಬೇಕಿತ್ತು. 450 ರೂಪಾಯಿ ಉಳಿಸಲು ಹೋಗಿ 14ನೇ ಕ್ಯಾಸೆಟನ್ನು ಅದಕ್ಕೆ ತಿನ್ನಿಸಿದೆ. ಟೇಪ್ ಒಂದು ಗೇಣು ಉದ್ದ ಮುದುಡಿ ರೋಲರಿಗೆ ಸುತ್ತಿಕೊಂಡಿತು. ಎಳೆಯಬಾರದು. ರೋಲರನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಡಿಸಿದೆ. ಗಾಜಿನ ಮೇಲೆ ಹರಡಿ ಬೆರಳಿನಿಂದ ನೀವಿದೆ. ಈಗಲೂ ಅಲ್ಲಿ ನಾಲ್ಕು ಸೆಕೆಂಡ್ ಮಾತು ಮಂಕು. ಮರುದಿನವೇ ಹೊಸ ರೋಲರಿಗೆ ಆರ್ಡರ್ ಹಾಕಿದೆ.

ಈ ದಿನದಿಂದ ಒಂದು ನಿಯಮ ಮಾಡಿಕೊಂಡೆ. ಯಾವ ರಿಪೇರಿ ಆದ ಮೇಲೂ ಮೊದಲು ಗುಜರಿಯಿಂದ ತಂದ ಭಜನೆ ಕ್ಯಾಸೆಟ್ ಅರ್ಧ ಗಂಟೆ ಓಡಬೇಕು, ಆಮೇಲೆ ಅಪ್ಪಯ್ಯನದು.

ಜೂನ್ 1. ಚಿಪ್ಪು ಬದಲಿಸುವುದು

ಬಿಸಿಲಿಗೆ ಸೊಟ್ಟಗಾದ ಎರಡು, ಒಳಗಿನ ಪ್ರೆಷರ್ ಪ್ಯಾಡ್ ಉದುರಿದ ಏಳು. ಪ್ಯಾಡ್ ಅಂದರೆ ಟೇಪನ್ನು ಹಿಂದಿನಿಂದ ಹೆಡ್ಡಿಗೆ ಒತ್ತುವ ಚಿಕ್ಕ ಮೆತ್ತೆ. ಅದರ ಅಂಟು ಒಣಗಿದರೆ ಮೆತ್ತೆ ಬೀಳುತ್ತದೆ, ದನಿ ಬರುತ್ತದೆ ಹೋಗುತ್ತದೆ. ಟೇಪೇ ಹಾಳಾಗಿದೆ ಅಂತ ಜನ ಎಸೆಯುವುದು ಇಂಥದ್ದನ್ನೇ.

ಗುಜರಿಯಲ್ಲಿ ಒಂದಕ್ಕೆ 20 ರೂಪಾಯಿಯಂತೆ ಹದಿನೈದು ಕ್ಯಾಸೆಟ್ ತಂದೆ. ಐದು ಸ್ಕ್ರೂ ಇರುವುದನ್ನೇ ಆರಿಸಿದೆ. ಕೆಲವು ಚಿಪ್ಪುಗಳಿಗೆ ಸ್ಕ್ರೂ ಇರುವುದಿಲ್ಲ, ಕಾಯಿಸಿ ಅಂಟಿಸಿರುತ್ತಾರೆ. ಕೆಲಸ ಮಾಡಿದ್ದು ದೊಡ್ಡ ಹರಿವಾಣದ ಮೇಲೆ, ಏನು ಬಿದ್ದರೂ ಅದರೊಳಗೇ ಬೀಳಲಿ ಅಂತ. ಇದನ್ನು ಎರಡನೇ ಕ್ಯಾಸೆಟ್‌ನಿಂದ ಶುರು ಮಾಡಿದೆ. ಮೊದಲನೆಯದರ ಚಕ್ರ ಹಾರಿ ಕಪಾಟಿನ ಅಡಿ ಹೋದದ್ದು ಇವತ್ತಿಗೂ ಸಿಕ್ಕಿಲ್ಲ.

ಕ್ರಮ ಹೀಗಿದೆ. ಹಳೆಯದನ್ನು ಮಲಗಿಸಿ ಸ್ಕ್ರೂ ಬಿಚ್ಚಿ, ಮೇಲಿನ ಅರ್ಧವನ್ನು ನೇರ ಮೇಲಕ್ಕೆ ಎತ್ತಿ. ಎತ್ತುವ ಮುಂಚೆ ಒಂದು ಫೋಟೋ. ಎರಡೂ ಸುರುಳಿಯನ್ನು ಎರಡು ಹೆಬ್ಬೆರಳಿನಲ್ಲಿ ಒಟ್ಟಿಗೆ ಹಿಡಿದು ಹೊಸ ಚಿಪ್ಪಿಗೆ ದಾಟಿಸಿ. ಟೇಪ್ ಎರಡೂ ಮೂಲೆಯ ಚಕ್ರದ ಹೊರಗಿನಿಂದ ಹೋಗಬೇಕು, ಪ್ಯಾಡಿನ ಮುಂದೆ ಬರಬೇಕು. ಸುರುಳಿಯ ಕೆಳಗೂ ಮೇಲೂ ಒಂದೊಂದು ತೆಳು ಹಾಳೆ ಇರುತ್ತದೆ, ಅದು ಇರಲೇಬೇಕು. ಬರೀ ಕಸ ಅಂತ ನಾನು ಒಂದನ್ನು ಬಿಟ್ಟೆ. ಸುರುಳಿ ಚಿಪ್ಪಿಗೆ ಉಜ್ಜಿ ಅರ್ಥಧಾರಿ ತೊದಲಿದರು. ಸ್ಕ್ರೂಗಳನ್ನು ತುಂಬಾ ಬಿಗಿ ಮಾಡಿದರೂ ಹಾಗೇ ಆಗುತ್ತದೆ.

ಹಳೇ ಚಿಪ್ಪನ್ನು ಎಸೆಯಬೇಡಿ. ಅಪ್ಪಯ್ಯನ ಅಕ್ಷರ ಅದರ ಮೇಲಿದೆ.

ಜೂನ್ 8ರಿಂದ 20. ವೇಗ

ಅತಿ ಹೆಚ್ಚು ದಿನ ತಿಂದದ್ದು ಇದು.

ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನನ್ನ ಡೆಕ್ ಎಷ್ಟು ಓಡುತ್ತಿದೆ? ಇದಕ್ಕೆ ಅಂತಲೇ 3,150 ಹರ್ಟ್ಸ್ ದನಿ ತುಂಬಿದ ಪರೀಕ್ಷೆಯ ಕ್ಯಾಸೆಟ್ ಬರುತ್ತದೆ, ಬೆಲೆ ನೋಡಿ ಬಿಟ್ಟೆ. ಒಂದು ಜಾಣತನ ಹೊಳೆಯಿತು. ಅಪ್ಪಯ್ಯ ಕರೆಂಟ್ ಇದ್ದಲ್ಲಿ ಅಡಾಪ್ಟರ್ ಹಾಕಿ ರೆಕಾರ್ಡ್ ಮಾಡುತ್ತಿದ್ದರು, ಅದರ ಗುಂಯ್ ಟೇಪಿನಲ್ಲಿ ಸಣ್ಣಗೆ ಇದೆ. ಕರೆಂಟು 50 ಹರ್ಟ್ಸ್, ಅಡಾಪ್ಟರಿನ ಗುಂಯ್ ಅದರ ಎರಡರಷ್ಟು, 100. ದನಿ ತಿದ್ದುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ನೋಡಿದೆ, 97.2 ಇತ್ತು. ಓಹೋ, ಡೆಕ್ ನಿಧಾನ! ಮೋಟಾರಿನ ಬೆನ್ನಿನ ಚಿಕ್ಕ ತೂತಿಗೆ ಸ್ಕ್ರೂಡ್ರೈವರ್ ಹಾಕಿ 100ಕ್ಕೆ ತಂದು ನಿಲ್ಲಿಸಿದೆ. ಆ ವೇಗದಲ್ಲಿ ಆರು ಕ್ಯಾಸೆಟ್ ಇಳಿಸಿದೆ.

ಏನೋ ಸರಿ ಇಲ್ಲ ಅನ್ನಿಸುತ್ತಿತ್ತು. ಎಲ್ಲರ ದನಿಯೂ ಸ್ವಲ್ಪ ತೆಳು. ಒಂದೇ ರಾತ್ರಿಯ ಎರಡು ಕ್ಯಾಸೆಟ್‌ಗಳ ಗುಂಯ್ ಬೇರೆ ಬೇರೆ. ನೆರೆಮನೆಯ ಮಾವ ವಿದ್ಯುತ್ ಮಂಡಳಿಯಲ್ಲಿದ್ದು ನಿವೃತ್ತರಾದವರು. ಸುಮ್ನೆ ಮಾತಿಗೆ ಅವರ ಹತ್ತಿರ ಹೇಳಿದೆ. ಅವರು ನಕ್ಕರು. 'ಐವತ್ತಾ? ಆಗ ಐವತ್ತು ಎಲ್ಲಿತ್ತು ಮಾರಾಯಾ? ಸಂಜೆ ಲೋಡ್ ಏರಿದರೆ ನಲವತ್ತೆಂಟೂವರೆಗೆ ಇಳಿಯುತ್ತಿತ್ತು.' ದಕ್ಷಿಣದ ಗ್ರಿಡ್‌ನಲ್ಲಿ 2003ರಲ್ಲಿ ಹೊಸ ದರ ಪದ್ಧತಿ ಬಂದ ಮೇಲೆಯೇ ಅದು ಹತೋಟಿಗೆ ಬಂದದ್ದು ಅಂತಲೂ ಹೇಳಿದರು. ಅಂದರೆ 97.2 ಡೆಕ್ಕಿನ ತಪ್ಪಲ್ಲ, ಆ ರಾತ್ರಿಯ ಕರೆಂಟು. ನಾನು ಆರು ಕ್ಯಾಸೆಟ್‌ಗಳ ಶ್ರುತಿಯನ್ನು ಹಾರ್ಮೋನಿಯಂನ ಅರ್ಧ ಮನೆಯಷ್ಟು ಏರಿಸಿ ಕೂತಿದ್ದೆ.

ಕೊನೆಗೆ ಮಾಡಿದ್ದು ಬಟ್ಟೆ ಅಂಗಡಿಯವರ ಲೆಕ್ಕ. ಐದು ನಿಮಿಷಕ್ಕೆ 14.29 ಮೀಟರ್ ಟೇಪ್ ಹೋಗಬೇಕು. ಗುಜರಿ ಕ್ಯಾಸೆಟ್‌ನ ಟೇಪನ್ನು ಜಗಲಿಯ ಮೇಲೆ ಎರಡೆರಡು ಮೀಟರ್ ಎಳೆದು, ಬಿಗಿಯದೆ, ಅಳೆದೆ. 14.29 ಮೀಟರಿನ ಎರಡೂ ತುದಿಯಲ್ಲಿ ಟೇಪ್ ಕತ್ತರಿಸಿ, ಟೇಪಿನ ಆರಂಭದಲ್ಲಿರುವ ಖಾಲಿ ಪಾರದರ್ಶಕ ಪಟ್ಟಿಯ ಚೂರು ಸೇರಿಸಿ ಅಂಟಿಸಿದೆ. ಓಡಿಸಿದಾಗ ಆ ಎರಡು ಕಡೆ ಹಾಡು ಒಂದು ಕ್ಷಣ ನಿಲ್ಲುತ್ತದೆ. ಆ ಎರಡರ ನಡುವಿನ ಸಮಯವನ್ನು ಆಡಾಸಿಟಿಯಲ್ಲಿ ಅಳೆಯುವುದು, ಅಷ್ಟೇ. 300 ಸೆಕೆಂಡ್ ಬರಬೇಕಿತ್ತು, 291.3 ಬಂತು. 3% ಜೋರು. ನಾಲ್ಕು ಸಲ ತಿರುಗಿಸಿ ನೋಡಿ 300.3ಕ್ಕೆ ನಿಲ್ಲಿಸಿದೆ. ಬೆಳಿಗ್ಗೆ ಮತ್ತು ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಎರಡೂ ಹೊತ್ತು ಅಳೆಯಿರಿ. ನನ್ನದರಲ್ಲಿ 0.4% ವ್ಯತ್ಯಾಸ ಇತ್ತು. ಈಗ ಅರ್ಧ ಗಂಟೆ ಭಜನೆ ಓಡಿಸಿದ ಮೇಲೆಯೇ ಕೆಲಸ ಶುರು.

ಅಂಟಿಸುವಾಗ ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ಬದಿಯಿಂದ ಒಸರಿ ಪಕ್ಕದ ಸುತ್ತಿಗೂ ಹಿಡಿಯುತ್ತದೆ. ಸ್ಪ್ಲೈಸಿಂಗ್ ಟೇಪ್ ಅಂತಲೇ ಬೇರೆ ಸಿಗುತ್ತದೆ, ನನಗೆ 550 ಬಿತ್ತು.

ಜೂನ್ 22. ಹೆಡ್ಡಿನ ಓರೆ

ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಚಿಕ್ಕ ಸ್ಕ್ರೂ ಇದೆ. ಅದು ಹೆಡ್ಡಿನ ವಾಲಿಕೆ ತಿದ್ದುವುದಕ್ಕೆ. ಅಪ್ಪಯ್ಯನ ರೆಕಾರ್ಡರಿನ ಹೆಡ್ ಎಷ್ಟು ವಾಲಿತ್ತೋ ನನ್ನದೂ ಅಷ್ಟೇ ವಾಲಬೇಕು, ಇಲ್ಲದಿದ್ದರೆ ದನಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಎಡ ಬಲ ಎರಡೂ ಚಾನೆಲ್ ಕೂಡಿಸಿ, ಹೆಡ್‌ಫೋನಿನಲ್ಲಿ ಭಾಗವತರ ತಾಳದ ಕಿಣಿ ಕೇಳುತ್ತಾ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು. ಕಿಣಿ ಚುರುಕಾಗಿ ಕೇಳಿದಲ್ಲಿ ನಿಲ್ಲಿಸುವುದು. ಇದು ಪ್ರತಿ ಕ್ಯಾಸೆಟ್‌ಗೂ ಹೊಸದಾಗಿ ಆಗಬೇಕು.

ತಿರುಗಿಸುವ ಮುಂಚೆ ಮೊದಲಿದ್ದ ಜಾಗಕ್ಕೆ ವೈಟ್ನರ್ ಗುರುತು ಹಾಕಿ. ನಾನು ಹಾಕಿದ್ದು ತಿರುಗಿಸಿದ ಮೇಲೆ.

ಡೆಕ್ಕಿನಲ್ಲಿ ಟೇಪಿನ ಸುಂಯ್ ತಗ್ಗಿಸುವ ಡಾಲ್ಬಿ ಗುಂಡಿ ಇದೆ. ಅಪ್ಪಯ್ಯನ ರೆಕಾರ್ಡರಿಗೆ ಡಾಲ್ಬಿ ಇರಲಿಲ್ಲ, ಆದ್ದರಿಂದ ಆಫ್. ಇದನ್ನು ಗಮನಿಸದೆ ಮೂರು ಬದಿ ಮಂಕಾಗಿ ಇಳಿಸಿದ್ದೂ ಉಂಟು.

ಜೂನ್ 25ರಿಂದ. ಇಳಿಸುವುದು

ಡೆಕ್‌ನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ (ದನಿಯನ್ನು ಕಂಪ್ಯೂಟರಿಗೆ ತಿಳಿಯುವ ಅಂಕಿಗಳಾಗಿ ಮಾಡುವ ಪೆಟ್ಟಿಗೆ), ಅಲ್ಲಿಂದ ಲ್ಯಾಪ್‌ಟಾಪ್. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್ ಫೈಲ್. ಅಪ್ಪಯ್ಯನದು ಮೋನೋ, ಅಂದರೆ ಎಡ ಬಲ ಎರಡರಲ್ಲೂ ಒಂದೇ ದನಿ, ಆದರೂ ಎರಡು ಚಾನೆಲ್ ತೆಗೆದುಕೊಂಡೆ. ಟೇಪಿನ ಒಂದಂಚು ಬೂಷ್ಟು ತಿಂದಿದ್ದರೆ ಇನ್ನೊಂದು ಅಂಚಿನ ದನಿ ಉಳಿದಿರುತ್ತದೆ. ಐದು ಕ್ಯಾಸೆಟ್‌ಗಳು ಬದುಕಿದ್ದೇ ಹೀಗೆ. ಸಿ-90ಯ ಒಂದು ಬದಿಗೆ ಸುಮಾರು 780 ಎಂಬಿ ಆಗುತ್ತದೆ.

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ್ದರೆ ಹೊಸ ಗುಂಯ್ ಸೇರುತ್ತದೆ. ತೆಗೆದು ಬ್ಯಾಟರಿಯಲ್ಲೇ ನಡೆಸಿದೆ. ಜುಲೈ ಅಂದರೆ ನಮ್ಮಲ್ಲಿ ಕರೆಂಟಿನ ಕಣ್ಣುಮುಚ್ಚಾಲೆ. ಡೆಕ್ಕನ್ನು ಮನೆಯ ಇನ್ವರ್ಟರಿಗೆ ಹಾಕಿ ನೋಡಿದೆ, ಜೇನುಗೂಡಿನ ಹಾಗೆ ಸದ್ದು. ಹಾಗಾಗಿ ಕರೆಂಟ್ ಇದ್ದಾಗ ಮಾತ್ರ, ರಾತ್ರಿ ಹನ್ನೊಂದರ ಮೇಲೆ. ಕರೆಂಟ್ ಹೋದ ಬದಿಯನ್ನು ಮೊದಲಿನಿಂದ ಮಾಡಿದೆ, ನಡುವಿನಿಂದ ಜೋಡಿಸಲಿಲ್ಲ.

ಟೇಪ್ ಹಾಕುವ ಮುಂಚೆ ಹಿಂಬದಿಯ ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿದಿದೆಯೇ ನೋಡಿ. ಮುರಿದಿದ್ದರೆ ತಪ್ಪಿಯೂ ರೆಕಾರ್ಡ್ ಆಗುವುದಿಲ್ಲ. ಅಪ್ಪಯ್ಯ ಎಲ್ಲದರದ್ದೂ ಮುರಿದಿದ್ದರು. 29ನೇ ಕ್ಯಾಸೆಟ್‌ನಲ್ಲಿ ಮಾತ್ರ ಆ ತೂತಿಗೆ ಕಾಗದದ ಉಂಡೆ ತುರುಕಿತ್ತು. ಹಾಕಿದರೆ ಕರ್ಣ ಮಾತಾಡುತ್ತಿದ್ದಾನೆ. ಶಲ್ಯ ಏನೋ ಕೇಳುತ್ತಾನೆ. ಕರ್ಣ ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಟ್ ಎಂದು ರೇಡಿಯೋ ಕ್ರಿಕೆಟ್ ಕಾಮೆಂಟರಿ. 1996ರ ಮಾರ್ಚ್ 9, ಬೆಂಗಳೂರಿನ ಕ್ವಾರ್ಟರ್ ಫೈನಲ್, ಅಜಯ್ ಜಡೇಜ ವಕಾರ್ ಯೂನಿಸ್‌ಗೆ ಬಾರಿಸುತ್ತಿದ್ದಾರೆ. ಹನ್ನೊಂದು ನಿಮಿಷ. ಕಾಗದದ ಉಂಡೆ ತುರುಕಿದವನು ನಾನೇ. ಅಪ್ಪಯ್ಯನಿಗೆ ಗೊತ್ತಾಗಿತ್ತೋ ಇಲ್ಲವೋ, ಒಂದು ದಿನವೂ ಕೇಳಲಿಲ್ಲ. ಫೈಲ್ ಹಾಗೇ ಇಟ್ಟಿದ್ದೇನೆ, ಜಡೇಜನ ಸಮೇತ.

ಜುಲೈ 19. ಸ್ವಚ್ಛ ಮಾಡಲು ಹೋದದ್ದು

ಹದಿನೆಂಟು ಕ್ಯಾಸೆಟ್ ಆದ ಮೇಲೆ ಹುರುಪು ಬಂತು. ಎಲ್ಲದರಲ್ಲೂ ಸುಂಯ್ ಇದೆ, ಒಂದರಲ್ಲಂತೂ ಮಾತಿಗಿಂತ ಅದೇ ಜೋರು. ಆಡಾಸಿಟಿಯ ನಾಯ್ಸ್ ರಿಡಕ್ಷನ್‌ಗೆ ಮಾತಿಲ್ಲದ ಎರಡು ಸೆಕೆಂಡ್ ತೋರಿಸಿ, 18 ಡೆಸಿಬೆಲ್ ಕೊಟ್ಟೆ. ಪೂರ್ತಿ ನಿಶ್ಶಬ್ದ. ತಾಳದ ಬಾಲ ಹೋಯಿತು, ಕೃಷ್ಣ ಬಾವಿಯೊಳಗಿಂದ ಮಾತಾಡುವ ಹಾಗಾಯಿತು, ಆದರೂ ಸ್ವಚ್ಛ ಆಗಿದೆಯಲ್ಲ ಅಂತ ಖುಷಿಪಟ್ಟೆ. ಅಮ್ಮನಿಗೆ ಕೇಳಿಸಿದೆ. ಮುಂಚಿನದ್ದು ಹೇಗಿತ್ತು ಅಂದರು. ಅದನ್ನೂ ಹಾಕಿದೆ.

'ಅದ್ ಮಳಿ ಅಲ್ದಾ ಮಗಾ? ಅವತ್ತ್ ನಾವ್ ಮನಿಗ್ ಬಂದದ್ದೇ ಮಾರ್ನೇ ದಿನ.'

ಹಂಚಿನ ಮಾಡಿನ ಮೇಲೆ ಸುರಿಯುವ ಮಳೆ. ನಾನು ಅದನ್ನು ಟೇಪಿನ ಸುಂಯ್ ಅಂದುಕೊಂಡು ಅಳಿಸಿದ್ದೆ. ಮತ್ತೆ ಹೆಡ್‌ಫೋನ್ ಹಾಕಿ ಕೇಳಿದರೆ ಮಳೆ ಏರಿದಾಗಲೆಲ್ಲ ಅರ್ಥಧಾರಿ ದನಿ ಏರಿಸುತ್ತಾರೆ, ಒಂದು ಕಡೆ ಸುಮ್ಮನೆ ನಿಂತು ಮಳೆ ಇಳಿಯುವವರೆಗೆ ಕಾಯುತ್ತಾರೆ. ಸ್ವಚ್ಛ ಮಾಡಿದ ಫೈಲಿನಲ್ಲಿ ಅವರು ಮಾತು ಮರೆತು ನಿಂತ ಹಾಗಿತ್ತು.

ಇದಕ್ಕಿಂತ ದೊಡ್ಡ ತಪ್ಪು ಇದೇ ವಾರದ್ದು. ಮಾತಿನ ನಡುವೆ ಬರುವ ಪ್ರಕಟಣೆ, ಲೋಟದ ಸದ್ದು, ಚಪ್ಪಾಳೆ, ಕೆಮ್ಮು ಎಲ್ಲವನ್ನೂ ನಾಲ್ಕು ಕ್ಯಾಸೆಟ್‌ಗಳಲ್ಲಿ ಕತ್ತರಿಸಿದೆ. ಜಾಗ ಉಳಿಯಲಿ ಅಂತ ಮೂಲ ಫೈಲ್ ಅಳಿಸಿಯೂ ಬಿಟ್ಟೆ. ಆಮೇಲೆ ಪಟ್ಟಿ ಮಾಡಲು ಕೂತರೆ, ಆ ನಾಲ್ಕರ ಕಾಗದದ ಮೇಲೆ ಊರೂ ಇಲ್ಲ, ತಾರೀಕೂ ಇಲ್ಲ. ಊರು ಗೊತ್ತಾಗುವುದಿದ್ದರೆ ಆ ಪ್ರಕಟಣೆಯಿಂದಲೇ. ಇಂಥವರ ಮನೆಯ ಗೃಹಪ್ರವೇಶದ ಲೆಕ್ಕದಲ್ಲಿ ಈ ಕೂಟ, ಕಾಫಿ ಆದ ಮೇಲೆ ಮುಂದುವರಿಯುತ್ತದೆ ಅಂತ ಯಾರೋ ಹೇಳುತ್ತಿದ್ದರು, ಅದನ್ನೇ ನಾನು ಕಸ ಅಂತ ಗುಡಿಸಿದ್ದೆ. ನಾಲ್ಕನ್ನೂ ಮತ್ತೆ ಇಳಿಸಲು ಆರು ಗಂಟೆ ಹೋಯಿತು. ಟೇಪ್ ಎರಡನೇ ಸಲವೂ ಓಡಿತಲ್ಲ, ಅದು ನನ್ನ ಪುಣ್ಯ.

ಬದಿ ಮಗುಚುವಲ್ಲೂ ಹೀಗೇ. 45 ನಿಮಿಷಕ್ಕೆ ಟೇಪ್ ಮುಗಿದು, ಅಪ್ಪಯ್ಯ ಮಗುಚಿ ಹಾಕುವಷ್ಟರಲ್ಲಿ ಒಂದೆರಡು ಮಾತು ಹೋಗಿರುತ್ತದೆ. ಕೇಳಲು ಹಿತವಾಗಲಿ ಅಂತ ಎರಡು ತುದಿಯನ್ನು ನಯವಾಗಿ ಬೆಸೆದಿದ್ದೆ. ಬೆಸೆದಲ್ಲಿ ಭೀಷ್ಮ ಹೇಳದ ವಾಕ್ಯವೊಂದು ಹುಟ್ಟಿತ್ತು. ಈಗ ಬೆಸೆಯುವುದಿಲ್ಲ. ಒಂದೊಂದು ಬದಿ ಒಂದೊಂದು ಫೈಲ್, ಟೇಪ್ ನಿಲ್ಲುವ ಟಕ್ ಸದ್ದಿನ ಸಮೇತ.

ಅಪ್ಪಯ್ಯನ ರೆಕಾರ್ಡರ್ ತಾನೇ ದನಿ ಏರಿಳಿಸುವ ಜಾತಿಯದ್ದು. ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಮಾತು ಒಳಗೆ ಹೋಗಿ, ಎರಡು ಸೆಕೆಂಡ್ ಬಿಟ್ಟು ತೇಲಿ ಬರುತ್ತದೆ. ಅದನ್ನು ಸರಿ ಮಾಡಲು ಮೂರು ಸಂಜೆ ಒದ್ದಾಡಿ ಬಿಟ್ಟೆ.

ಆಗಸ್ಟ್ 10. ಸೆಲ್ಲಿನ ಕ್ಯಾಸೆಟ್‌ಗಳು

ಕರೆಂಟ್ ಇಲ್ಲದ ಮನೆಗಳಲ್ಲಿ ಅಪ್ಪಯ್ಯ ನಾಲ್ಕು ಟಾರ್ಚ್ ಸೆಲ್ ಹಾಕುತ್ತಿದ್ದರು. ಸೆಲ್ ಇಳಿದ ಹಾಗೆ ರೆಕಾರ್ಡರ್ ನಿಧಾನ ಆಗುತ್ತದೆ. ನಿಧಾನಕ್ಕೆ ತುಂಬಿದ್ದನ್ನು ನಾವು ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಏರುತ್ತದೆ. 8ನೇ ಕ್ಯಾಸೆಟ್‌ನ ಆರಂಭದಲ್ಲಿ ಶ್ರುತಿ 341 ಹರ್ಟ್ಸ್, ಕೊನೆಗೆ 358. ಹೆಚ್ಚುಕಡಿಮೆ ಒಂದು ಮನೆ ಮೇಲೆ. ಶ್ರುತಿಪೆಟ್ಟಿಗೆ ಉದ್ದಕ್ಕೂ ಕೇಳುವುದರಿಂದ ಐದೈದು ನಿಮಿಷಕ್ಕೆ ಅದನ್ನು ಅಳೆದು, ಕೇಳುವ ಪ್ರತಿಯಲ್ಲಿ ಮಾತ್ರ ವೇಗ ತಿದ್ದಿದೆ. ಮೂಲ ಫೈಲ್ ಮುಟ್ಟಲಿಲ್ಲ. ಜುಲೈ ತಿಂಗಳ ಪೆಟ್ಟು ನೆನಪಿತ್ತು.

ಮುಟ್ಟದೆ ಇದ್ದದ್ದೇ ಒಳ್ಳೆಯದಾಯಿತು. ಇದೇ ಕ್ರಮದಲ್ಲಿ 11ನೆಯದನ್ನೂ ತಿದ್ದಿದೆ. ಅದರ ನಡುವೆ ಶ್ರುತಿ ಒಮ್ಮೆಲೇ ಏರಿತ್ತು. ಸೆಲ್ ಇಳಿದರೆ ನಿಧಾನವಾಗಿ ಏರಬೇಕೇ ಹೊರತು ಹೀಗೆ ಜಿಗಿಯುವುದಿಲ್ಲ ಅಂತ ನನಗೆ ಹೊಳೆಯಬೇಕಿತ್ತು. ಅಲ್ಲಿ ಒಬ್ಬ ಭಾಗವತರು ಎದ್ದು ಇನ್ನೊಬ್ಬರು ಕೂತಿದ್ದರು, ತಮ್ಮ ಶ್ರುತಿ ಹಿಡಿದಿದ್ದರು. ನಾನು ಇಬ್ಬರನ್ನೂ ಒಂದೇ ಶ್ರುತಿಗೆ ತಂದು ಕೂರಿಸಿದ್ದೆ.

ಸೆಪ್ಟೆಂಬರ್. ಪಟ್ಟಿ

ಅಪ್ಪಯ್ಯ ಕಾಗದದ ಮೇಲೆ ಬರೆದದ್ದು ಇಷ್ಟೇ: 'ಸಂಧಾನ 2, ಮಳೆ, ಒಳ್ಳೆ ಕೂಟ.' ಯಾರ ಅರ್ಥ, ಯಾರ ಭಾಗವತಿಕೆ? ಅವರಿಗೆ ಗೊತ್ತಿತ್ತು, ಬರೆಯುವ ಅಗತ್ಯ ಕಾಣಲಿಲ್ಲ. ಊರಿನ ಇಬ್ಬರು ಹಿರಿಯರನ್ನು ಬೇರೆ ಬೇರೆ ದಿನ ಕೂರಿಸಿ ಕೇಳಿಸಿದೆ. ಒಟ್ಟಿಗೆ ಕೂರಿಸಿದರೆ ಮೊದಲು ಮಾತಾಡಿದವರ ಮಾತೇ ಗೆಲ್ಲುತ್ತದೆ. ಇಬ್ಬರೂ ಒಂದೇ ಹೆಸರು ಹೇಳಿದರೆ 'ಖಚಿತ', ಒಬ್ಬರೇ ಹೇಳಿದರೆ 'ಇಂಥವರು ಹೇಳಿದ್ದು', ಇಲ್ಲದಿದ್ದರೆ ಖಾಲಿ. ಅಮ್ಮ ಮೂರು ಜನರನ್ನು ಬರೀ ಕೆಮ್ಮಿನಿಂದ ಗುರುತಿಸಿದರು. ಅದಕ್ಕೆ ಪಟ್ಟಿಯಲ್ಲಿ 'ಅಮ್ಮ, ಕೆಮ್ಮು' ಅಂತಲೇ ಬರೆದಿದ್ದೇನೆ.

ಫೈಲಿನ ಹೆಸರು ಕ್ಯಾಸೆಟ್ ನಂಬರ್ ಮತ್ತು ಬದಿ ಮಾತ್ರ. ಹೆಸರಿನಲ್ಲೇ ಕಲಾವಿದರ ಹೆಸರು ಸೇರಿಸಿದ್ದೆ. ಊಹೆ ತಪ್ಪಾದಾಗಲೆಲ್ಲ ಮೂರು ಕಡೆ ಬದಲಿಸಬೇಕಾಯಿತು, ಬಿಟ್ಟೆ. ವೇವ್ ಫೈಲ್‌ಗಳನ್ನು ಫ್ಲ್ಯಾಕ್ ಎಂಬ ಒತ್ತಿದ ರೂಪಕ್ಕೆ ಮಾಡಿದರೆ ಗಾತ್ರ ಹೆಚ್ಚುಕಡಿಮೆ ಅರ್ಧ ಆಯಿತು, ದನಿಯಲ್ಲಿ ಏನೂ ಕಳೆಯುವುದಿಲ್ಲ. ಪ್ರತಿ ಫೈಲಿಗೂ ಚೆಕ್‌ಸಮ್ (ಫೈಲ್ ಒಂದಿಷ್ಟು ಬದಲಾದರೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದು ಒಂದು ಕಡತದಲ್ಲಿಟ್ಟೆ. ಎರಡು ಹಾರ್ಡ್ ಡಿಸ್ಕ್, ಒಂದು ಇಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿ. ಪ್ರತಿ ಮಾಡಿದ ಮೇಲೆ ಚೆಕ್‌ಸಮ್ ಹೋಲಿಸಿದಾಗ ಎರಡು ಫೈಲ್ ಹೊಂದಲಿಲ್ಲ. ನೋಡಿದರೆ ಯುಎಸ್‌ಬಿ ತಂತಿ ಸಡಿಲ. ತಂತಿ ಬದಲಿಸಿ ಮತ್ತೆ ಪ್ರತಿ ಮಾಡಿದೆ.

ಯೂಟ್ಯೂಬಿಗೆ ಯಾವಾಗ ಹಾಕುತ್ತೀ ಅಂತ ಎಲ್ಲರೂ ಕೇಳುತ್ತಾರೆ. ಹಾಕಿಲ್ಲ. ಅಪ್ಪಯ್ಯ ರೆಕಾರ್ಡ್ ಮಾಡಿದ್ದು ತಮಗೆ ಕೇಳಲು. ಎದುರು ಕೂತವರ ಮೇಲಿನ ಕುಹಕ, ಸಿಟ್ಟು ಎಲ್ಲ ಆ ಮಾತಿನಲ್ಲಿದೆ, ಅದು ಆ ರಾತ್ರಿಯ ನೂರು ಜನರ ಎದುರು ಆಡಿದ್ದು. ಖಚಿತವಾಗಿ ಗುರುತು ಸಿಕ್ಕ ಐದು ಕಲಾವಿದರ ಮನೆಗೆ ಪೆನ್ ಡ್ರೈವ್ ಕೊಟ್ಟು ಬಂದಿದ್ದೇನೆ. ಎರಡು ಮನೆಯವರು ಹಾಕಿ ಅಂದರು, ಒಬ್ಬರು ಬೇಡ ಅಂದರು, ಇಬ್ಬರು ಪೂರ್ತಿ ಕೇಳಿ ಹೇಳುತ್ತೇವೆ ಅಂದಿದ್ದಾರೆ.

ಖರ್ಚು

ಡೆಕ್ 3,200. ಬೆಲ್ಟ್‌ಗಳು, ತಪ್ಪು ಅಳತೆಯದೂ ಸೇರಿ, 380. ಪಿಂಚ್ ರೋಲರ್ 450. ಆಲ್ಕೋಹಾಲ್ ಅರ್ಧ ಲೀಟರ್ 420. ಇಯರ್ ಬಡ್, ಬಟ್ಟೆ 90. ಸ್ಪ್ಲೈಸಿಂಗ್ ಟೇಪ್ 550. ಹಳೇ ಆಡಿಯೋ ಇಂಟರ್‌ಫೇಸ್ 5,500, ಅದರ ಕೇಬಲ್ 350. ಗುಜರಿ ಕ್ಯಾಸೆಟ್ 300. ಸಿಲಿಕಾ ಜೆಲ್ 180. ಒಂದೊಂದು ಟಿಬಿಯ ಎರಡು ಹಾರ್ಡ್ ಡಿಸ್ಕ್ 8,600. ಹಾಳಾದ ಆಟಿಕೆ ಪ್ಲೇಯರ್ 1,200. ಒಟ್ಟು 21,220 ರೂಪಾಯಿ. ಬಸ್ ಚಾರ್ಜು, ಬನಿಯನ್ನು ಲೆಕ್ಕಕ್ಕಿಲ್ಲ.

ಅಕ್ಟೋಬರ್ 12. ಬಾಕಿ ಮೂರು

ಸಿ-120 ಎರಡೂ ಬಾಕಿ. ಅದರ ಟೇಪ್ ಸಿ-60ಯ ಅರ್ಧದಷ್ಟು ಮಾತ್ರ ದಪ್ಪ, ಡೆಕ್‌ಗೆ ಹಾಕಲು ಧೈರ್ಯ ಬರುತ್ತಿಲ್ಲ. ಪೆನ್ಸಿಲ್ ಹಾಕಿ ಕೈಯಲ್ಲೇ ತಿರುಗಿಸಿ ನೋಡಿದೆ, ಒಂದು ಸಲೀಸಾಗಿ ತಿರುಗುತ್ತದೆ, ಇನ್ನೊಂದು ನಡುವೆ ಕಚ್ಚುತ್ತದೆ. ಸಲೀಸಾದದ್ದನ್ನು ಫಾರ್ವರ್ಡ್, ರಿವೈಂಡ್ ಮುಟ್ಟದೆ ಪ್ಲೇಯಲ್ಲೇ ಒಂದು ಸಲ ಓಡಿಸುವುದು ಅಂತ ಇದ್ದೇನೆ.

ಮೂರನೆಯದು 17. ಸ್ಕ್ರೂ ಇಲ್ಲದ ಚಿಪ್ಪು, ಒಳಗೆ ಬೂಷ್ಟು, ಟೇಪ್ ಒಂದು ತುದಿಯಲ್ಲಿ ಗಾಲಿಯಿಂದ ಕಳಚಿಕೊಂಡಿದೆ. ಕಾಗದದ ಮೇಲೆ ಏನೂ ಬರೆದಿಲ್ಲ. ಅಂಟಿಸಿದ ಗೆರೆಗೆ ಕಟ್ಟರ್ ಬ್ಲೇಡ್ ಇಟ್ಟು ನಾಲ್ಕೂ ಮೂಲೆಯಿಂದ ಮೆಲ್ಲ ಸೀಳಬೇಕು, ಒಳಗೆ ಎರಡು ಮಿಲಿಮೀಟರಿಗಿಂತ ಜಾಸ್ತಿ ಬ್ಲೇಡ್ ಹೋಗಬಾರದು. ಗುಜರಿಯ ಎರಡು ಚಿಪ್ಪಿನ ಮೇಲೆ ಕಲಿತೆ. ಒಂದು ಸರಿಯಾಗಿ ತೆರೆಯಿತು, ಇನ್ನೊಂದರಲ್ಲಿ ಬ್ಲೇಡ್ ಜಾರಿ ಸುರುಳಿಗೆ ತಾಗಿತು. ಇನ್ನೂ ಮೂರು ಚಿಪ್ಪು ತಂದಿಟ್ಟಿದ್ದೇನೆ, ಅವು ಮುಗಿದ ಮೇಲೆ 17.